ಬಾಡಿಗೆ ಮನೆಯೋ, ಸ್ವಂತ ಮನೆಯೋ? ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿಗೆ ಬಂದಿದ್ದು 2004ರಲ್ಲಿ. ಹದಿನೈದು ವರ್ಷದಲ್ಲಿ ಐದು ಬಾಡಿಗೆ ಮನೆ ಬದಲಿಸಿದೆವು. ಆಮೇಲೆ 2019ರಲ್ಲಿ ಒಂದು ಎರಡು ಬೆಡ್‌ರೂಮಿನ ಫ್ಲಾಟ್. ಹಾಗಾಗಿ ಆಫೀಸಿನ ಹುಡುಗರು, ಊರಿಂದ ಬಂದ ತಮ್ಮಂದಿರು, ಹೊಸದಾಗಿ ಮದುವೆಯಾದವರು ನನ್ನ ಹತ್ತಿರ ಬಂದು ಇದನ್ನೇ ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಲೆಕ್ಕಗಳು ಬೆಂಗಳೂರಿನವು. ಮೈಸೂರು, ಹುಬ್ಬಳ್ಳಿ, ಮಂಗಳೂರಿನವರು ನಿಮ್ಮೂರಿನ ರೇಟು ಹಾಕಿಕೊಂಡು ಓದಿ.

ಬಾಡಿಗೆ ಕಟ್ಟೋದು ಅಂದ್ರೆ ದುಡ್ಡು ದಂಡ ಅಲ್ವಾ?

ಅಲ್ಲ. ಈ ಒಂದು ಮಾತು ಕೇಳಿಯೇ ಎಷ್ಟೋ ಜನ ಆತುರಕ್ಕೆ ಬಿದ್ದಿದ್ದಾರೆ, ಅದಕ್ಕೇ ಮೊದಲು ಇದನ್ನೇ ಹೇಳುತ್ತೇನೆ. ಬಾಡಿಗೆ ಕೊಟ್ಟರೆ ತಲೆ ಮೇಲೆ ಸೂರು ಸಿಗುತ್ತೆ. ಕೆಲಸ ಬದಲಾದರೆ ಎದ್ದು ಹೋಗುವ ಸ್ವಾತಂತ್ರ್ಯ ಸಿಗುತ್ತೆ. ಮೋಟಾರು ಸುಟ್ಟರೆ, ತಾರಸಿ ಸೋರಿದರೆ ಖರ್ಚು ಓನರ್‌ದು. ಸಾಲ ಮಾಡಿ ಮನೆ ಕೊಂಡವರೂ ಬಾಡಿಗೆ ಕಟ್ಟುತ್ತಲೇ ಇರುತ್ತಾರೆ. ಓನರ್‌ಗೆ ಅಲ್ಲ, ಬ್ಯಾಂಕಿಗೆ. ಅದಕ್ಕೆ ಬಡ್ಡಿ ಅಂತ ಹೆಸರು.

ಒಂದು ಲೆಕ್ಕ ಹಾಕಿ ತೋರಿಸಿ.

80 ಲಕ್ಷದ ಒಂದು ಫ್ಲಾಟ್ ತಗೊಳ್ಳೋಣ. 1,200 ಚದರಡಿ. ಅದೇ ಕಟ್ಟಡದಲ್ಲಿ ಅಂಥದೇ ಮನೆಗೆ ಬಾಡಿಗೆ 25,000 ಅಂದುಕೊಳ್ಳಿ. 20 ಲಕ್ಷ ಕೈಯಿಂದ ಹಾಕಿ, 60 ಲಕ್ಷ ಸಾಲ ಮಾಡುತ್ತೀರಿ. ಬಡ್ಡಿ ಶೇ. 8.5, ಅವಧಿ 20 ವರ್ಷ. ಇಎಂಐ, ಅಂದರೆ ತಿಂಗಳ ಕಂತು, ಸುಮಾರು 52,000 ಬರುತ್ತೆ.

ಈಗ ಮೊದಲ ತಿಂಗಳ ಇಎಂಐಯನ್ನು ಬಿಡಿಸಿ ನೋಡಿ. ಅದರಲ್ಲಿ 42,500 ರೂಪಾಯಿ ಬರೀ ಬಡ್ಡಿ. ಅಸಲಿಗೆ ಹೋಗುವುದು 9,500 ಚಿಲ್ಲರೆ ಮಾತ್ರ. ಅಂದರೆ 25,000 ಬಾಡಿಗೆ ದಂಡ ಅಂದುಕೊಂಡವರು ಬ್ಯಾಂಕಿಗೆ 42,500 ಕಟ್ಟಲು ಹೊರಟಿದ್ದಾರೆ. ಐದು ವರ್ಷ ಒಂದು ಕಂತೂ ತಪ್ಪದೆ ಕಟ್ಟಿದರೆ 31 ಲಕ್ಷಕ್ಕೂ ಜಾಸ್ತಿ ಆಗುತ್ತೆ. ಆಗಲೂ ಸುಮಾರು 53 ಲಕ್ಷ ಸಾಲ ಬಾಕಿ ಇರುತ್ತೆ. ನನ್ನ ಸಾಲದ ಸ್ಟೇಟ್‌ಮೆಂಟನ್ನು ಮೊದಲ ಸಲ ಸರಿಯಾಗಿ ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. 20 ವರ್ಷಕ್ಕೆ ಒಟ್ಟು ಕಟ್ಟುವುದು ಹತ್ತಿರ ಹತ್ತಿರ 1 ಕೋಟಿ 25 ಲಕ್ಷ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಬಾಡಿಗೆ ನಿಂತಲ್ಲೇ ನಿಲ್ಲಲ್ಲ. ವರ್ಷಕ್ಕೆ ಶೇ. 5ರಷ್ಟು ಏರುತ್ತಾ ಹೋದರೆ ಇವತ್ತಿನ 25,000 ಹತ್ತು ವರ್ಷಕ್ಕೆ 40,000 ದಾಟುತ್ತೆ, ಹದಿನೈದು ವರ್ಷಕ್ಕೆ 52,000 ಮುಟ್ಟುತ್ತೆ. ಅಲ್ಲಿಗೆ ಬಾಡಿಗೆ, ಇಎಂಐ ಎರಡೂ ಸಮ. ಆಮೇಲೂ ಬಾಡಿಗೆ ಏರುತ್ತಲೇ ಇರುತ್ತೆ, ಇಎಂಐ ಮಾತ್ರ ಐದು ವರ್ಷದಲ್ಲಿ ಮುಗಿದುಹೋಗುತ್ತೆ. ವಯಸ್ಸಾದ ಕಾಲಕ್ಕೆ ಸ್ವಂತ ಮನೆ ಇರಲಿ ಅಂತ ಹಿರಿಯರು ಹೇಳುವುದರಲ್ಲಿ ಈ ಲೆಕ್ಕ ಇದೆ.

ಹಾಗಾದರೆ ಬಾಡಿಗೆಯಲ್ಲಿದ್ದು, ಉಳಿದ ದುಡ್ಡು ಬೇರೆ ಕಡೆ ಹಾಕೋದೇ ಒಳ್ಳೇದಾ?

ನಿಜವಾಗಿ ಹಾಕಿದರೆ ಒಳ್ಳೇದು. ಮೇಲಿನ ಲೆಕ್ಕದಲ್ಲಿ ಮೇಂಟೆನೆನ್ಸ್ ಎಲ್ಲ ಸೇರಿ ತಿಂಗಳಿಗೆ ಸುಮಾರು 30,000 ವ್ಯತ್ಯಾಸ ಬರುತ್ತೆ. ಸಂಬಳ ಬಂದ ದಿನವೇ ಆ ದುಡ್ಡು ಆರ್‌ಡಿಗೋ, ಎಸ್‌ಐಪಿಗೋ, ಪಿಪಿಎಫ್‌ಗೋ ಹೋಗುತ್ತಾ? ಹೋಗುತ್ತೆ ಅಂದರೆ ಬಾಡಿಗೆಯಲ್ಲಿದ್ದೇ ನೀವು ಆಸ್ತಿ ಮಾಡುತ್ತಿದ್ದೀರಿ. ನನಗೆ ಗೊತ್ತಿರುವ ಬಹಳ ಜನ ಹಾಗೆ ಮಾಡಲಿಲ್ಲ. ಹೊಸ ಫೋನು, ಕಾರು, ಮನೆಗೆ ಬಂದವರು ಹೋದವರು ಅಂತ ಕರಗಿಹೋಯಿತು. ಸಾಲದ ಕಂತು ಬಲವಂತದ ಉಳಿತಾಯ. ಕೆಲವರಿಗೆ ಆ ಬಲವಂತ ಬೇಕಾಗುತ್ತೆ, ಅದರಲ್ಲಿ ನಾಚಿಕೆ ಏನಿಲ್ಲ. ಕಳೆದ ಆರು ತಿಂಗಳ ಪಾಸ್‌ಬುಕ್ ತೆಗೆದು ನೋಡಿ. ನೀವು ಯಾವ ಥರದವರು ಅಂತ ಅಲ್ಲೇ ಗೊತ್ತಾಗುತ್ತೆ.

ಎಷ್ಟು ವರ್ಷ ಇರೋದಾದರೆ ಕೊಳ್ಳಬಹುದು?

ನಾನು ಎಲ್ಲರಿಗೂ ಮೊದಲು ಕೇಳುವುದೇ ಇದು. ಇನ್ನೆಷ್ಟು ವರ್ಷ ಇದೇ ಊರು, ಇದೇ ದಿಕ್ಕು? ಐದು ವರ್ಷದೊಳಗೆ ಊರು ಬಿಡುವ ಸಾಧ್ಯತೆ ಇದ್ದರೆ ಬಾಡಿಗೆಯೇ ಸರಿ. ಎಂಟು ಹತ್ತು ವರ್ಷ ಇರುತ್ತೇವೆ ಅಂದರೆ ಕೊಳ್ಳುವ ಯೋಚನೆ ಮಾಡಬಹುದು. ನಡುವೆ ಇದ್ದರೆ ಇನ್ನೆರಡು ವರ್ಷ ಕಾಯಿರಿ.

ಕಾರಣ ಸರಳ. ಕೊಂಡ ದಿನವೇ ಒಂದಷ್ಟು ದುಡ್ಡು ವಾಪಸ್ ಬರದ ಹಾಗೆ ಹೋಗುತ್ತೆ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಎಲ್ಲ ಸೇರಿ ನಗರದಲ್ಲಿ ಶೇ. 7.6. 80 ಲಕ್ಷಕ್ಕೆ 6 ಲಕ್ಷದ 8 ಸಾವಿರ. ಎರಡು ವರ್ಷಕ್ಕೆ ಮಾರಿದರೆ ಇದಷ್ಟೂ ನಿಮ್ಮ ತಲೆ ಮೇಲೇ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ಊರು ಬಿಡದೇನೂ ಊರು ಬದಲಾಗುತ್ತೆ. ಯಲಹಂಕದಲ್ಲಿ ಮನೆ ಕೊಂಡಿರುತ್ತೀರಿ, ಹೊಸ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಿಗುತ್ತೆ. ದಿನಕ್ಕೆ ಮೂರು ಗಂಟೆ ಬಸ್ಸಲ್ಲಿ ಕೂತು ಇಎಂಐ ಕಟ್ಟುವವರನ್ನು ನೋಡಿದ್ದೇನೆ, ಸಂಕಟ ಆಗುತ್ತೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಾದರೆ ಇಬ್ಬರ ದಾರಿಯನ್ನೂ, ಮಕ್ಕಳ ಸ್ಕೂಲನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಕೈಯಲ್ಲಿ ಎಷ್ಟು ದುಡ್ಡು ಇರಬೇಕು?

ಜನ ಅಂದುಕೊಂಡಿದ್ದಕ್ಕಿಂತ ಜಾಸ್ತಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 90ರವರೆಗೆ, 30ರಿಂದ 75 ಲಕ್ಷದ ಸಾಲಕ್ಕೆ ಶೇ. 80ರವರೆಗೆ, ಅದಕ್ಕೂ ಮೇಲೆ ಹೋದರೆ ಶೇ. 75ರವರೆಗೆ ಮಾತ್ರ ಬ್ಯಾಂಕ್ ಕೊಡಬಹುದು. ಇಷ್ಟು ದೊಡ್ಡ ಸಾಲಗಳಲ್ಲಿ ರಿಜಿಸ್ಟ್ರೇಷನ್ ಖರ್ಚನ್ನು ಮನೆ ಬೆಲೆಗೆ ಸೇರಿಸುವುದಿಲ್ಲ. ಅದು ಪೂರ್ತಿ ನಿಮ್ಮ ಕೈಯಿಂದ.

ನಮ್ಮ 80 ಲಕ್ಷದ ಉದಾಹರಣೆಗೆ ಬರೋಣ. ಕೈಯಿಂದ 20 ಲಕ್ಷ, ರಿಜಿಸ್ಟ್ರೇಷನ್‌ಗೆ 6 ಲಕ್ಷ, ವಾರ್ಡ್‌ರೋಬು, ಅಡುಗೆಮನೆ ಕಪಾಟು, ಕಿಟಕಿ ಜಾಲರಿ, ಫ್ಯಾನು, ಗೀಸರ್ ಅಂತ ಕಡಿಮೆ ಅಂದರೂ 4 ಲಕ್ಷ. ಒಟ್ಟು 30 ಲಕ್ಷ. ಇದರ ಮೇಲೆ ಆರು ತಿಂಗಳ ಮನೆ ಖರ್ಚು ಮತ್ತು ಕಂತಿನಷ್ಟು ದುಡ್ಡು ಮುಟ್ಟದೆ ಬ್ಯಾಂಕಲ್ಲಿ ಇರಬೇಕು. ಆ ಆರು ತಿಂಗಳ ದುಡ್ಡಿನ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡಲ್ಲ. ಕೆಲಸ ಹೋದ ತಿಂಗಳೂ ಕಂತಿನ ತಾರೀಕು ಬರುತ್ತೆ.

ಅಡ್ವಾನ್ಸ್ ಕಟ್ಟಲು ಪರ್ಸನಲ್ ಲೋನ್ ಮಾಡಬೇಡಿ. ಒಡವೆ ಅಡ ಇಡುವ ಮಾತು ಬಂದರೆ, ಆ ಮನೆ ಸದ್ಯಕ್ಕೆ ನಿಮ್ಮ ಕೈಗೆಟುಕುವುದಲ್ಲ ಅಂತ ಅರ್ಥ.

ಸಂಬಳದಲ್ಲಿ ಎಷ್ಟು ಪಾಲು ಇಎಂಐಗೆ ಹೋಗಬಹುದು?

ಕೈಗೆ ಬರುವ ಸಂಬಳದ ಮೂರರಲ್ಲಿ ಒಂದು ಪಾಲು. ಬ್ಯಾಂಕಿನವರು ಅರ್ಧದವರೆಗೂ ಒಪ್ಪಬಹುದು. ಅವರು ಒಪ್ಪಿದರು ಅಂತ ನೀವು ಒಪ್ಪಬೇಕಿಲ್ಲ. ಇಬ್ಬರ ಸಂಬಳ ಸೇರಿಸಿ ಸಾಲ ಮಾಡುವವರು ಒಂದು ಪರೀಕ್ಷೆ ಮಾಡಿ: ಒಬ್ಬರೇ ದುಡಿದು ಒಂದು ವರ್ಷ ಮನೆ ನಡೆಸಬೇಕಾಗಿ ಬಂದರೆ ಆಗುತ್ತಾ? ಮಗು ಆದಾಗ, ತಂದೆ ತಾಯಿಗೆ ಹುಷಾರು ತಪ್ಪಿದಾಗ ಅಂಥ ವರ್ಷ ಬಂದೇ ಬರುತ್ತೆ.

ಮನೆ ಕೊಳ್ಳುವ ಮೊದಲು ಆರು ತಿಂಗಳು ಒಂದು ಕೆಲಸ ಮಾಡಿ. ಈಗಿನ ಬಾಡಿಗೆಗೂ ಮುಂದಿನ ಇಎಂಐಗೂ ಇರುವ ವ್ಯತ್ಯಾಸವನ್ನು ಪ್ರತಿ ತಿಂಗಳು ಬೇರೆ ಖಾತೆಗೆ ಹಾಕಿ ಬದುಕಿ ನೋಡಿ. ಉಸಿರು ಕಟ್ಟಿದರೆ ಆಗಲೇ ಗೊತ್ತಾಗುತ್ತೆ, ಉಳಿದ ದುಡ್ಡೂ ನಿಮ್ಮದೇ.

ಬಡ್ಡಿ ಏರಿದರೆ ಏನು ಗತಿ?

ಈಗಿನ ಬ್ಯಾಂಕ್ ಗೃಹಸಾಲಗಳು ಹೆಚ್ಚಾಗಿ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ, ಅಂದರೆ ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಗೆ, ಜೋತುಬಿದ್ದಿವೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ಆ ದರ ಶೇ. 4ರಿಂದ 6.5ಕ್ಕೆ ಏರಿತು. ಆಗ ಎಷ್ಟೋ ಜನರಿಗೆ ಕಂತು ಅಷ್ಟೇ ಇತ್ತು, ಸದ್ದಿಲ್ಲದೆ ಸಾಲದ ವರ್ಷಗಳು ಜಾಸ್ತಿ ಆದವು. 2025ರಲ್ಲಿ ದರ ಇಳಿಯಿತು. ಏರಿಳಿತ ಇದ್ದೇ ಇರುತ್ತೆ. ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ಇನ್ನೆಷ್ಟು ಕಂತು ಬಾಕಿ ಇದೆ ಅಂತ ಕೇಳಿ ಬನ್ನಿ.

ಏರಿಳಿತದ ಬಡ್ಡಿ ಇರುವ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ವರ್ಷಕ್ಕೆ ಒಂದು ಕಂತು ಹೆಚ್ಚಿಗೆ ಕಟ್ಟುತ್ತಾ ಹೋದರೆ, ಮೇಲಿನ 20 ವರ್ಷದ ಸಾಲ ಸುಮಾರು ಮೂರೂವರೆ ವರ್ಷ ಮೊದಲೇ ಮುಗಿಯುತ್ತೆ. ಬೋನಸ್ಸೋ, ಎತ್ತಿದ ಚೀಟಿ ದುಡ್ಡೋ ಬಂದಾಗ ನಾವು ಹಾಗೇ ಮಾಡುತ್ತಿದ್ದೇವೆ.

ಸಾಲ ಮಾಡಿದರೆ ತೆರಿಗೆ ಉಳಿಯುತ್ತೆ ಅಂತಾರಲ್ಲ?

ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ ಇದ್ದರೆ ಮಾತ್ರ. ಅಲ್ಲಿ ನೀವು ವಾಸ ಇರುವ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ, ಅಸಲಿಗೆ ಉಳಿದ ಉಳಿತಾಯಗಳ ಜೊತೆ ಸೇರಿ 1.5 ಲಕ್ಷದವರೆಗೆ ವಿನಾಯಿತಿ. ಹೊಸ ಪದ್ಧತಿಯಲ್ಲಿ ಇವೆರಡೂ ಇಲ್ಲ, ಬಾಡಿಗೆಯ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ವಿನಾಯಿತಿಯೂ ಇಲ್ಲ. ತೆರಿಗೆ ಉಳಿಸಲು ಅಂತ ಮನೆ ಕೊಳ್ಳುವ ಕಾಲ ಮುಗಿಯಿತು.

ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಬರುತ್ತಾ?

ಬರುತ್ತೆ, ಆದರೆ ಪೂರ್ತಿ ಬರುವುದು ಅಪರೂಪ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹಳೆ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವ ಓನರ್‌ಗಳೂ ಸಿಗುತ್ತಾರೆ, ಚೌಕಾಸಿ ಮಾಡಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಮಿತಿ ಇದೆ. ಅದು ಮಾದರಿ ಅಷ್ಟೇ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಕಾನೂನು. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ಮೀರಿದ ಬಾಡಿಗೆಗೆ ಅನ್ವಯವಾಗುವುದಿಲ್ಲ. ಹಾಗಾಗಿ ನಿಮ್ಮನ್ನು ಕಾಯುವುದು ನಿಮ್ಮ ಅಗ್ರಿಮೆಂಟ್ ಒಂದೇ.

ನಮ್ಮ ಮೂರನೇ ಮನೆ ಬಿಟ್ಟ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಾಮಾನೆಲ್ಲ ಲಾರಿಗೆ ಹತ್ತಿತ್ತು. ಓನರ್ ಬಂದು ಹಾಲ್‌ನ ಗೋಡೆಯ ಮುಂದೆ ನಿಂತರು. ಮೊಳೆ ಹೊಡೆದ ತೂತುಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದರು. ಹನ್ನೊಂದು. ಅದರಲ್ಲಿ ನಾವು ಹೊಡೆದಿದ್ದು ನಾಲ್ಕು. ಒಂದು ಗಡಿಯಾರಕ್ಕೆ, ಒಂದು ಕ್ಯಾಲೆಂಡರಿಗೆ, ಎರಡು ದೇವರ ಫೋಟೋಗೆ. ಉಳಿದ ಏಳು ನಮಗಿಂತ ಮೊದಲು ಇದ್ದವರದ್ದು. ಹೇಳಿದರೆ ನಂಬಲಿಲ್ಲ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಮಾತಾಗಿತ್ತು, ಅವರು ಗೋಡೆ ರಿಪೇರಿ ಅಂತ ಇನ್ನೊಂದು ತಿಂಗಳದ್ದೂ ಹಿಡಿದರು. ಮಗು ಕಂಕುಳಲ್ಲಿತ್ತು, ಲಾರಿಯವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದ. ಜಗಳ ಆಡುವ ಶಕ್ತಿ ಇರಲಿಲ್ಲ.

ಅವತ್ತಿನಿಂದ ಮನೆಗೆ ಕಾಲಿಡುವ ದಿನವೇ, ಸಾಮಾನು ಇಳಿಸುವ ಮೊದಲು, ಪ್ರತಿ ಗೋಡೆ, ನಲ್ಲಿ, ಬಾಗಿಲು, ಬಾತ್‌ರೂಮ್ ಟೈಲ್ಸ್ ಎಲ್ಲದರ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡುತ್ತಿದ್ದೆವು. ಮುಂದಿನ ಎರಡೂ ಮನೆಯಲ್ಲಿ ಮಾತಾಡಿದಷ್ಟೇ ಹಿಡಿದರು. ನೀವೂ ಹಾಗೇ ಮಾಡಿ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಎಷ್ಟು ದಿನದಲ್ಲಿ ಅಡ್ವಾನ್ಸ್ ಕೊಡುತ್ತಾರೆ ಅನ್ನುವುದು ಅಗ್ರಿಮೆಂಟಿನಲ್ಲಿ ಬರೆದಿರಲಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ.

ಅಗ್ರಿಮೆಂಟ್ ಯಾಕೆ ಯಾವಾಗಲೂ 11 ತಿಂಗಳಿಗೇ ಮಾಡ್ತಾರೆ?

ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತೆ. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳು. ಮುಗಿದ ಮೇಲೆ ಹೊಸದಾಗಿ ಬರೆಸಿಕೊಳ್ಳಿ, ಸುಮ್ನೆ ಬಾಯಿಮಾತಲ್ಲಿ ಮುಂದುವರಿಸಬೇಡಿ. ಇನ್ನೊಂದು ಸಣ್ಣ ವಿಷಯ: ಉಚಿತ ಕರೆಂಟಿನ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತೆ. ಮನೆ ಬದಲಿಸುವಾಗ ಹಳೆ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿಕೊಳ್ಳುವುದನ್ನು ಮರೆಯಬೇಡಿ.

ಭೋಗ್ಯಕ್ಕೆ ಹಾಕಿಕೊಂಡರೆ ಬಾಡಿಗೆಯೇ ಇರಲ್ಲ. ಅದು ಒಳ್ಳೇದಲ್ವಾ?

ಲೀಸು, ಭೋಗ್ಯ ಅಂತ ಕರೆಯುವ ಈ ಪದ್ಧತಿ ನಮ್ಮಲ್ಲಿ ತುಂಬಾ ಇದೆ. ಎರಡು ಮೂರು ವರ್ಷಕ್ಕೆ ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಅಷ್ಟೂ ವಾಪಸ್ ತಗೊಳ್ಳುವುದು. ಕೇಳಲು ಚೆನ್ನಾಗಿದೆ. ಆದರೆ ಓನರ್ ಹತ್ತಿರ ಆ ದುಡ್ಡು ಕುಳಿತಿರುವುದಿಲ್ಲ. ಮಗಳ ಮದುವೆಗೋ, ಹಳೆ ಸಾಲಕ್ಕೋ ಖರ್ಚಾಗಿರುತ್ತೆ. ಮುಂದಿನ ಭೋಗ್ಯದವರು ಬಂದರೆ ಅವರ ದುಡ್ಡು ನಿಮಗೆ ಬರಬೇಕು. ಬರದಿದ್ದರೆ ನೀವು ಕಾಯಬೇಕು. ಅದೇ ಮನೆ ಮೇಲೆ ಬ್ಯಾಂಕ್ ಸಾಲವೂ ಇದ್ದು, ಓನರ್ ಕಂತು ಕಟ್ಟದಿದ್ದರೆ ಬ್ಯಾಂಕಿನವರು ನೋಟಿಸು ಅಂಟಿಸಲು ಬರುವುದು ನೀವಿರುವ ಬಾಗಿಲಿಗೇ.

ಭೋಗ್ಯಕ್ಕೆ ಹೋಗಲೇಬೇಕು ಅಂದರೆ ಮೊದಲು ಆ ಮನೆಯ ಇಸಿ, ಅಂದರೆ ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ, ತೆಗೆಸಿ. ಬ್ಯಾಂಕಿಗೆ ಅಡ ಇದ್ದರೆ ಕೈ ಬಿಡಿ. ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ. ಓನರ್ ಆಗಲಿ, ಓನರ್ ಪರವಾಗಿ ಬಂದ ಏಜೆನ್ಸಿ ಆಗಲಿ, ಇದಕ್ಕೆ ಒಪ್ಪದಿದ್ದರೆ ಆ ಮನೆ ಬೇಡ.

ಕಟ್ಟುತ್ತಿರುವ ಫ್ಲಾಟೋ, ಕಟ್ಟಿ ಮುಗಿದದ್ದೋ?

ಮುಗಿದದ್ದು. ನಾನು ಈ ವಿಷಯದಲ್ಲಿ ಗಟ್ಟಿಯಾಗಿಯೇ ಹೇಳುತ್ತೇನೆ, ಯಾಕೆಂದರೆ ಅನುಭವಿಸಿದ್ದೇನೆ. ನಾವು ಬುಕ್ ಮಾಡಿದ್ದು 2015ರಲ್ಲಿ. 2017ರ ಡಿಸೆಂಬರಿಗೆ ಕೊಡುತ್ತೇವೆ ಅಂದಿದ್ದ ಬಿಲ್ಡರ್ ಕೀ ಕೊಟ್ಟಿದ್ದು 2019ರ ಜುಲೈನಲ್ಲಿ. ಹತ್ತೊಂಬತ್ತು ತಿಂಗಳು ಒಂದು ಕೈಯಲ್ಲಿ ಬಾಡಿಗೆ, ಇನ್ನೊಂದು ಕೈಯಲ್ಲಿ ಬ್ಯಾಂಕ್ ಬಡ್ಡಿ. ಭಾನುವಾರ ಬಂತೆಂದರೆ ಕಟ್ಟಡದ ಹತ್ತಿರ ಹೋಗಿ, ಎಷ್ಟು ಮಹಡಿ ಎದ್ದಿದೆ ಅಂತ ಕತ್ತೆತ್ತಿ ನೋಡಿ ಬರುತ್ತಿದ್ದೆವು. ಆರು ವಾರ ಒಂದು ಇಟ್ಟಿಗೆಯೂ ಏರದಿದ್ದ ಕಾಲವೂ ಇತ್ತು.

ಈಗ ಮನೆ ಕೊಳ್ಳುವವರನ್ನು ಕಾಯುವ ರೇರಾ ಕಾಯ್ದೆ ಇದೆ, ಅದು ದೊಡ್ಡ ಸಮಾಧಾನ. 2016ರ ಈ ಕಾಯ್ದೆ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ನೋಂದಣಿ ಆಗಿರಬೇಕು. ಜನರಿಂದ ಪಡೆದ ದುಡ್ಡಿನ ಶೇ. 70 ಬೇರೆ ಖಾತೆಯಲ್ಲಿ, ಅದೇ ಯೋಜನೆಗೆ ಇರಬೇಕು. ತಡವಾದರೆ ಬಡ್ಡಿ ಕೇಳಬಹುದು, ಬೇಡವೆಂದರೆ ಬಡ್ಡಿ ಸಮೇತ ದುಡ್ಡು ವಾಪಸ್ ಕೇಳಬಹುದು. ಕೇಳುವ ಹಕ್ಕು ಬೇರೆ, ಕೈಗೆ ಬರುವುದು ಬೇರೆ, ಅದೂ ನೆನಪಿರಲಿ.

ಕಟ್ಟುತ್ತಿರುವ ಮನೆಗೆ ಜಿಎಸ್‌ಟಿ ಸಾಮಾನ್ಯವಾಗಿ ಶೇ. 5. ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಬೆಲೆ ಹೋಲಿಸುವಾಗ ಇದನ್ನು ಸೇರಿಸಿ ನೋಡಿ. ಆಸ್ತಿ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾರುವವರಿಗೆ ಕೊಡುವ ದುಡ್ಡಲ್ಲಿ ಶೇ. 1 ತೆರಿಗೆ (ಟಿಡಿಎಸ್) ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು. ಬಹಳ ಜನ ಇದನ್ನು ಮರೆತು ಆಮೇಲೆ ನೋಟಿಸ್ ತಗೊಳ್ಳುತ್ತಾರೆ.

ಯಾವ್ಯಾವ ಕಾಗದ ನೋಡಬೇಕು?

ಬಾಡಿಗೆ ಮನೆ ತಪ್ಪಾದರೆ ಹನ್ನೊಂದು ತಿಂಗಳಿಗೆ ಬಿಟ್ಟು ಹೋಗಬಹುದು. ಕಾಗದ ಸರಿಯಿಲ್ಲದ ಮನೆ ಕೊಂಡರೆ ಅದು ಮಕ್ಕಳ ಕಾಲಕ್ಕೂ ಕೋರ್ಟಿಗೆ ಹೋಗುತ್ತೆ. ಹಾಗಾಗಿ ಇಲ್ಲಿ ಆತುರ ಬೇಡವೇ ಬೇಡ.

ಮೂಲಪತ್ರದಿಂದ ಶುರು ಮಾಡಿ. ಜಮೀನು ಮೊದಲು ಯಾರದಿತ್ತು, ಯಾರಿಂದ ಯಾರಿಗೆ ಬಂತು, ನಡುವೆ ಕೊಂಡಿ ಕಳಚಿದೆಯಾ? ಕುಟುಂಬದ ಆಸ್ತಿಯಾಗಿದ್ದರೆ ವಂಶವೃಕ್ಷ ಕೇಳಿ. ಹೆಣ್ಣುಮಕ್ಕಳ ಸಹಿ ಇದೆಯಾ ಅಂತ ತಪ್ಪದೆ ನೋಡಿ. ಅಕ್ಕ ತಂಗಿಯರನ್ನು ಬಿಟ್ಟು ಅಣ್ಣ ತಮ್ಮಂದಿರೇ ಮಾರಿದ ಜಾಗಕ್ಕೆ ಹತ್ತು ವರ್ಷ ಬಿಟ್ಟು ಪಾಲು ದಾವೆ ಬೀಳುತ್ತೆ. ಕೃಷಿ ಜಮೀನಾಗಿತ್ತು ಅಂದರೆ ಡಿಸಿ ಕನ್ವರ್ಷನ್ ಆದೇಶ (ಬೇರೆ ಬಳಕೆಗೆ ಜಿಲ್ಲಾಧಿಕಾರಿ ಒಪ್ಪಿಗೆ) ಬೇಕು. ಸರ್ಕಾರದಿಂದ ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತೆ, ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. ಬಡವರ ಕೈತಪ್ಪಬಾರದು ಅಂತ ಮಾಡಿದ ಕಾನೂನು ಅದು, ಗೌರವಿಸಬೇಕು.

ಇಸಿಯನ್ನು 30 ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇತ್ತೀಚಿನ ವರ್ಷಗಳದ್ದು ಸಿಗುತ್ತೆ, ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಬೇಕು. ವ್ಯವಹಾರ ಇದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16 ಕೊಡುತ್ತಾರೆ. ರಿಜಿಸ್ಟರ್ ಆಗದ ಕರಾರು ಇಸಿಯಲ್ಲಿ ಕಾಣುವುದಿಲ್ಲ ಅನ್ನುವುದು ಗೊತ್ತಿರಲಿ.

ಖಾತಾ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಎ ಆಗಿರಲಿ. ನಿಯಮ ಮೀರಿದ ಆಸ್ತಿಗೆ ಕೊಡುವುದು ಬಿ. ಈಗ ಇ-ಖಾತಾ (ಅದರ ಡಿಜಿಟಲ್ ರೂಪ) ಇಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಬಂದಿವೆ. ನಿಮ್ಮ ಜಾಗ ಯಾವ ಪಾಲಿಕೆಗೆ ಸೇರುತ್ತೆ ಅಂತ ತಿಳಿದುಕೊಳ್ಳಿ. ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ ನೋಡಿ. "ಬಿ ಖಾತಾ ಇದೆ ಸಾರ್, ಮುಂದೆ ಎ ಆಗುತ್ತೆ" ಅಂತ ಬ್ರೋಕರ್ ಹೇಳಿದರೆ, ಆದ ಮೇಲೆ ಬರುತ್ತೇನೆ ಅನ್ನಿ.

ಅಪಾರ್ಟ್‌ಮೆಂಟಿಗೆ ಓಸಿ, ಅಂದರೆ ಸ್ವಾಧೀನಾನುಭವ ಪತ್ರ, ಇರಲೇಬೇಕು. ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂತ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದರ ಬಿಸಿ ಬೆಂಗಳೂರಿಗೆ ಚೆನ್ನಾಗಿಯೇ ತಟ್ಟಿತು.

ಇದೆಲ್ಲ ನೋಡಲು ನಿಮ್ಮದೇ ವಕೀಲರು ಬೇಕು. ಬಿಲ್ಡರ್ ತೋರಿಸಿದವರು ಬೇಡ. ಬ್ಯಾಂಕ್ ಸಾಲ ಕೊಟ್ಟಿದೆ ಅಂದರೆ ಎಲ್ಲ ಸರಿ ಇದೆ ಅಂತಲ್ಲ, ಬ್ಯಾಂಕು ನೋಡುವುದು ಅದರ ದುಡ್ಡಿನ ಭದ್ರತೆ. ಅರ್ಧ ದುಡ್ಡು ನಗದು ಕೊಡಿ ಅಂದರೂ ಒಪ್ಪಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವುದನ್ನು ಕಾನೂನು ತಡೆಯುತ್ತೆ. ನಾಳೆ ಜಗಳವಾದರೆ ಆ ದುಡ್ಡಿಗೆ ಸಾಕ್ಷಿಯೂ ಇರಲ್ಲ.

ಫ್ಲಾಟ್ ತಗೊಳ್ಳೋದಾ, ಸೈಟ್ ತಗೊಳ್ಳೋದಾ?

ನಾಳೆಯೇ ವಾಸಕ್ಕೆ ಬೇಕಾದರೆ ಫ್ಲಾಟ್. ಕಟ್ಟಡ ಹಳತಾಗುತ್ತೆ, ನೆಲ ಆಗಲ್ಲ, ಅದಕ್ಕೇ ಸೈಟಿನ ಬೆಲೆ ಏರುವುದು ಜಾಸ್ತಿ. ಆದರೆ 30x40 ಸೈಟ್ ಕೊಂಡು ಮನೆ ಕಟ್ಟದಿದ್ದರೆ ಇಎಂಐ, ಬಾಡಿಗೆ ಎರಡೂ ನಡೆಯುತ್ತೆ. ಮನೆ ಕಟ್ಟಿ ನೋಡು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಮೇಸ್ತ್ರಿ, ಮರಳು, ಪ್ಲಾನ್ ಅನುಮತಿ, ಮಳೆ, ಎಲ್ಲಕ್ಕೂ ಮನೆಯವರೊಬ್ಬರು ಅಲ್ಲೇ ನಿಂತಿರಬೇಕು. ಕಡಿಮೆ ಬೆಲೆಯ ರೆವಿನ್ಯೂ ಸೈಟ್, ಅಂದರೆ ಕನ್ವರ್ಷನ್ ಆಗದ ಕೃಷಿ ಜಮೀನಿನ ಸೈಟ್, ಮಾತ್ರ ಬೇಡ.

ಫ್ಲಾಟಾದರೆ ಕಾರ್ಪೆಟ್ ಏರಿಯಾ (ಗೋಡೆಯೊಳಗೆ ಬಳಸಲು ಸಿಗುವ ಜಾಗ) ಎಷ್ಟು, ನಿಮ್ಮ ಪಾಲಿಗೆ ಬರುವ ನೆಲ ಎಷ್ಟು ಅಂತ ಎರಡನ್ನೂ ಕೇಳಿ.

ಮನೆ ನೋಡಲು ಹೋದಾಗ ಏನು ನೋಡಬೇಕು?

ನೀರು. ಬಾಡಿಗೆಗಾಗಲಿ, ಕೊಳ್ಳಲಿಕ್ಕಾಗಲಿ, ಮೊದಲು ನೀರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಒಣಗಿ, ಕೋಟಿಗಟ್ಟಲೆ ಬೆಲೆಯ ಅಪಾರ್ಟ್‌ಮೆಂಟಿನವರೂ ಟ್ಯಾಂಕರಿಗೆ ಕಾದಿದ್ದನ್ನು ನೋಡಿದ್ದೇವೆ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, ಹೊರವಲಯದ 110 ಹಳ್ಳಿಗಳಿಗೆ ಅಂತ. ಹಂತ ಶುರುವಾಗಿದ್ದು ಒಂದು, ನೀವು ನೋಡುತ್ತಿರುವ ಕಟ್ಟಡಕ್ಕೆ ಸಂಪರ್ಕ ಬಂದಿರುವುದು ಇನ್ನೊಂದು.

ನಾನು ಯಾರ ಜೊತೆ ಮನೆ ನೋಡಲು ಹೋದರೂ ಸಂಪಿನ ಮುಚ್ಚಳ ತೆಗೆಸುತ್ತೇನೆ. ಮೊಬೈಲ್ ಟಾರ್ಚ್ ಬಿಟ್ಟು ಬಗ್ಗಿ ನೋಡಿದರೆ ಗೋಡೆಯ ಮೇಲೆ ನೀರಿನ ಗೆರೆ ಕಾಣುತ್ತೆ. ಮೇಲಿನ ಗೆರೆ ಒಣಗಿ ಬಿಳಿಚಿಕೊಂಡು, ನೀರು ತಳದಲ್ಲಿ ಒಂದಡಿ ಇದ್ದರೆ ಆ ಮನೆಯಲ್ಲಿ ಸಂಪು ತುಂಬಿ ಬಹಳ ದಿನ ಆಗಿದೆ ಅಂತ ತಿಳಿಯಬಹುದು. ಒಂದು ಸಲ ಹೀಗೆ ಬಗ್ಗಿದಾಗ ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನಿಂದಲೇ, "ಎರಡು ದಿನಕ್ಕೊಂದು ಟ್ಯಾಂಕರ್ ಬರುತ್ತಪ್ಪ" ಅಂದರು. ಬ್ರೋಕರ್ ಒಂದು ಗಂಟೆ ಮಾತಾಡಿದ್ದರಲ್ಲಿ ಈ ವಿಷಯ ಬಂದಿರಲಿಲ್ಲ. ಅಂಥ ಅಜ್ಜಿಯನ್ನು ಹುಡುಕಿ ಮಾತಾಡಿಸಿ. ಸೆಕ್ಯುರಿಟಿಯವರನ್ನು, ಇಸ್ತ್ರಿ ಅಂಗಡಿಯವರನ್ನು ಕೇಳಿ.

ಜೋರು ಮಳೆ ಬಂದ ಮಾರನೇ ದಿನ ಒಮ್ಮೆ ಹೋಗಿ. ಬೇಸ್‌ಮೆಂಟಿನಲ್ಲಿ ನೀರು ನಿಂತಿದೆಯಾ, ಹತ್ತಿರ ರಾಜಕಾಲುವೆ ಇದೆಯಾ ನೋಡಿ.

ಊರಲ್ಲಿ ಅಪ್ಪನ ಮನೆ ಇದೆ. ಇಲ್ಲೂ ಒಂದು ಬೇಕಾ?

ನಿವೃತ್ತಿ ಆದ ಮೇಲೆ ಊರಿಗೇ ಹೋಗುವ ಮನಸ್ಸು ನಿಜವಾಗಿ ಇದ್ದರೆ, ಇಲ್ಲಿ ಬಾಡಿಗೆಯಲ್ಲಿದ್ದು ಊರಿನ ಮನೆಗೆ ಹೆಂಚು, ಬಾತ್‌ರೂಮು, ಬೋರ್‌ವೆಲ್ ಅಂತ ಸರಿ ಮಾಡಿಸುವುದು ಒಳ್ಳೆ ದಾರಿ. ನನ್ನ ಸ್ನೇಹಿತರೊಬ್ಬರು ಹಾಗೇ ಮಾಡಿದ್ದಾರೆ. ಹಬ್ಬಕ್ಕೆ ಹೋದಾಗ ತಿರುಗಿ ಬರಲು ಮನಸ್ಸಾಗಲ್ಲ ಅಂತಾರೆ. ಆದರೆ ಆ ಮನೆ ಅಣ್ಣತಮ್ಮಂದಿರ ಪಾಲಿನಲ್ಲಿ ಇನ್ನೂ ಸೇರಿಕೊಂಡಿದ್ದರೆ, ದುಡ್ಡು ಹಾಕುವ ಮೊದಲು ವಿಭಾಗಪತ್ರ ಆಗಲಿ.

ವಿದೇಶದಲ್ಲಿದ್ದೇವೆ. ಬೆಂಗಳೂರಿನಲ್ಲಿ ಒಂದು ಫ್ಲಾಟ್ ಹಾಕಿಡೋಣವಾ?

ಬಾಡಿಗೆ ಬರುತ್ತೆ ಅನ್ನುವ ಆಸೆಗಾದರೆ ಬೇಡ. 80 ಲಕ್ಷಕ್ಕೆ ವರ್ಷಕ್ಕೆ 3 ಲಕ್ಷ ಬಾಡಿಗೆ ಬಂದರೆ ಅದು ಶೇ. 4ಕ್ಕಿಂತ ಕಡಿಮೆ, ಮೇಂಟೆನೆನ್ಸ್, ತೆರಿಗೆ ಕಳೆಯುವ ಮೊದಲು. ಐದು ವರ್ಷದಲ್ಲಿ ಬಂದು ನೆಲೆಸುತ್ತೇವೆ ಅಂದರೆ ಯೋಚಿಸಿ. ಅನಿವಾಸಿಗಳು ಕೃಷಿ ಜಮೀನು ಕೊಳ್ಳುವಂತಿಲ್ಲ. ಇಲ್ಲಿರುವವರು ಅನಿವಾಸಿಯಿಂದ ಮನೆ ಕೊಂಡರೆ ಟಿಡಿಎಸ್ ಶೇ. 1 ಅಲ್ಲ, ಬಹಳ ಜಾಸ್ತಿ. ಲೆಕ್ಕಪರಿಶೋಧಕರನ್ನು ಕೇಳದೆ ಮುಂದೆ ಹೋಗಬೇಡಿ.

ಸ್ವಂತ ಮನೆ ಇಲ್ಲ ಅಂತ ನೆಂಟರು ಮಾತಾಡುತ್ತಾರೆ. ಮದುವೆ ಮಾತುಕತೆಯಲ್ಲೂ ಕೇಳುತ್ತಾರೆ. ಏನು ಮಾಡೋದು?

ಈ ಪ್ರಶ್ನೆ ಕೇಳುವಾಗ ಹುಡುಗರ ಮುಖ ಸಣ್ಣದಾಗುತ್ತೆ, ನನಗೆ ಬೇಜಾರಾಗುತ್ತೆ. ಅಪ್ಪ ಅಮ್ಮಂದಿರ ಕಾಲದಲ್ಲಿ ಸರ್ಕಾರಿ ಕೆಲಸ, ಒಂದೇ ಊರು, ಸೊಸೈಟಿಯಿಂದ ಒಂದು ಸೈಟು. ಅವರು ನೋಡಿದ ಭದ್ರತೆ ಅದು. ಅವರು ಹೆದರುವುದು ನಿಮ್ಮ ಮೇಲಿನ ಪ್ರೀತಿಯಿಂದ. ಹಾಗಾಗಿ ಜಗಳ ಬೇಡ. ಒಂದು ಭಾನುವಾರ ಕೂರಿಸಿಕೊಂಡು, ಮೇಲಿನ 42,500ರ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ. ನಿಮ್ಮ ಹೆಸರಲ್ಲಿ ಎಷ್ಟು ಉಳಿತಾಯ ಇದೆ ಅಂತಲೂ ತೋರಿಸಿ. ನಮ್ಮ ಮಾವನವರು ಕನ್ನಡಕ ಹಾಕಿಕೊಂಡು ಆ ಲೆಕ್ಕವನ್ನು ಎರಡು ಸಲ ತಾವೇ ಕೂಡಿ ನೋಡಿದರು. ಆಮೇಲೆ ಬಾಡಿಗೆ ಮನೆಯ ಮಾತು ತೆಗೆಯಲಿಲ್ಲ. ಉಳಿದ ನೆಂಟರು ನಿಮ್ಮ ಕಂತು ಕಟ್ಟುವುದಿಲ್ಲ, ಅವರಿಗೆ ಉತ್ತರ ಕೊಡಬೇಕಾಗಿಯೂ ಇಲ್ಲ.

ಬಾಡಿಗೆ ಮನೆಗೆ ಹೋಗುವಾಗಲೂ ಹಾಲು ಉಕ್ಕಿಸಬೇಕಾ?

ಉಕ್ಕಿಸಿ. ನಾವು ಐದೂ ಬಾಡಿಗೆ ಮನೆಯಲ್ಲಿ ಉಕ್ಕಿಸಿದ್ದೇವೆ. ಅಮ್ಮ ಊರಿಂದ ಹಿಂದಿನ ದಿನವೇ ಬರುತ್ತಿದ್ದರು. ಖಾಲಿ ಅಡುಗೆಮನೆ, ಕಟ್ಟೆ ಮೇಲೆ ಒಂದು ಸ್ಟವ್, ಅರಿಶಿನ ಕುಂಕುಮ ಹಚ್ಚಿದ ಪುಟ್ಟ ಪಾತ್ರೆ, ಅರ್ಧ ಲೀಟರ್ ನಂದಿನಿ ಹಾಲು. ಪೂರ್ವಕ್ಕೆ ಉಕ್ಕಿದರೆ ಒಳ್ಳೇದು ಅಂತ, ಅಮ್ಮ ಪಾತ್ರೆಯನ್ನು ಆ ಕಡೆಗೆ ಒಂಚೂರು ವಾಲಿಸಿ ಇಡುತ್ತಿದ್ದರು. ಉಕ್ಕಿದ ಮೇಲೆ ಉಳಿದ ಹಾಲಿಗೆ ಸಕ್ಕರೆ ಹಾಕಿ, ಓನರ್ ಮನೆಗೂ ಎರಡು ಲೋಟ ಕೊಟ್ಟು ಬರುತ್ತಿದ್ದೆವು.

ಆರನೇ ಸಲ ಉಕ್ಕಿಸಿದ್ದು ನಮ್ಮದೇ ಫ್ಲಾಟಿನಲ್ಲಿ. ಅವತ್ತೂ ಅದೇ ಪಾತ್ರೆ.